ಜೀವಂತ ಮೀನು, ಈ ಕಡೆ ಮೇಲೆ

ಮೀನು ಪಾರ್ಸೆಲ್ ಮಾಡೋನು ತಮಾಷೆ ಹುಡುಕ್ಕೊಂಡು ಎಲ್ಲೂ ಹೋಗ್ಬೇಕಾಗಿಲ್ಲ ಗುರು. ವಾರಕ್ಕೆ ಒಂದಾದ್ರೂ ತಾನಾಗೇ ಅಂಗಡಿ ಮೆಟ್ಲು ಹತ್ತಿ ಬಂದು, "ಯಾರೂ ಇಲ್ವಾ?" ಅಂತ ಕೇಳುತ್ತೆ.

ನಾನು ಬನಶಂಕರಿಯ ಒಂದು ಅಕ್ವೇರಿಯಂ ಅಂಗಡೀಲಿ ಪ್ಯಾಕಿಂಗ್ ಮಾಡ್ತೀನಿ. ಅದಕ್ಕೆ ಮುಂಚೆ ಇಂಜಿನಿಯರಿಂಗ್ ಮಾಡ್ತಿದ್ದೆ. ಐದನೇ ಸೆಮ್‌ನಲ್ಲಿ ಬಿಟ್ಟೆ. ಯಾಕೆ ಬಿಟ್ಟೆ ಅಂತ ಕೇಳೋರಿಗೆ ದಿನಕ್ಕೊಂದು ಕಾರಣ ಹೇಳ್ತೀನಿ. ನಿಜವಾದ ಕಾರಣ ಮೂರನೇ ಸೆಮ್ ಮ್ಯಾಥ್ಸ್. ಅದನ್ನ ಮೂರು ಸಲ ಬರೆದೆ. ಮೂರನೇ ಸಲ ಎಕ್ಸಾಂ ಹಾಲಲ್ಲಿ ಪೇಪರ್ ಕೊಡೋ ಸಾರ್ ನನ್ನ ನೋಡಿ, "ಏನಪ್ಪಾ, ಚೆನ್ನಾಗಿದೀಯಾ, ಮನೇಲಿ ಎಲ್ಲ ಆರಾಮಾ?" ಅಂದ್ರು. ಅವತ್ತೇ ಎದ್ದು ಬಂದೆ.

ಅಮ್ಮ ಒಂದೇ ಕಂಡೀಷನ್ ಹಾಕಿದ್ಲು. "ಮೀನು ಮಾರು, ಮೊಸಳೆ ಮಾರು, ನನಗೇನು. ಆದ್ರೆ ಈ ಕೆಲಸ ಕೈ ಕೊಡ್ತು ಅಂದ್ರೆ ಮಾರನೇ ದಿನ ಮ್ಯಾಥ್ಸ್ ಪರೀಕ್ಷೆಗೆ ಫಾರ್ಮ್ ತುಂಬ್ಬೇಕು."

ಓನರ್‌ದೂ ಒಂದೇ ಕಂಡೀಷನ್. ಅಲ್ಲಿವರ್ಗೂ ಅವ್ರು ಬರೀ ಅಂಗಡೀಲಿ ಮಾರ್ತಿದ್ರು. ಊರಿಂದ ಊರಿಗೆ ಜೀವಂತ ಮೀನು ಕಳಿಸೋಣ ಅಂತ ತಲೆ ತಿಂದೋನು ನಾನು. "ಸರಿ ಮಾಡು," ಅಂದ್ರು, "ನೀನು ಕಟ್ಟಿದ ಬಾಕ್ಸಲ್ಲಿ ಮೀನು ಸತ್ವು ಅಂತ ಮೂರು ಸಲ ನನಗೆ ಫೋನ್ ಬಂದ್ರೆ, ಪಾರ್ಸೆಲ್ ಬಂದ್. ನೀನೂ ಬಂದ್."

ಅಂದ್ರೆ ನನಗೂ ಆ ಮ್ಯಾಥ್ಸ್ ಪೇಪರಿಗೂ ಮಧ್ಯೆ ಇರೋದು ಮೂರು ಥರ್ಮಾಕೋಲ್ ಡಬ್ಬ. ಮೀನಿನ ಪ್ರಾಣದ ಮೇಲೆ ನನಗಿರೋ ಪ್ರೀತಿ ಯಾವ ಸಂತನಿಗೂ ಇಲ್ಲ.

ಗಾಳಿ ಜಾಸ್ತಿ ಆಯ್ತು

ಮೀನಿನ ಬ್ಯಾಗ್ ಕಟ್ಟೋಕೆ ಒಂದು ಲೆಕ್ಕ ಇದೆ. ಒಂದು ಭಾಗ ನೀರು, ಎರಡು ಭಾಗ ಆಕ್ಸಿಜನ್. ಸಿಲಿಂಡರಿಂದ ಆಕ್ಸಿಜನ್ ಬಿಟ್ಟು, ಬ್ಯಾಗ್ ಬಾಯಿ ತಿರುಚಿ, ರಬ್ಬರ್ ಬ್ಯಾಂಡ್ ಹಾಕಿದ್ರೆ ಬ್ಯಾಗು ದಿಂಬಿನ ಥರ ಗಟ್ಟಿ ಆಗುತ್ತೆ. ಮೀನಿಗೆ ನೀರು ಓಡಾಡೋಕಷ್ಟೆ, ಬದುಕೋಕೆ ಬೇಕಿರೋದು ಆ ಗಾಳಿ. ಇದನ್ನ ನಾನು ನಂಬ್ತೀನಿ, ಮೀನು ನಂಬುತ್ತೆ, ಜಯನಗರ ನಂಬಲ್ಲ.

ಜಯನಗರದಿಂದ ಒಬ್ರು ರಿಟೈರ್ಡ್ ಅಂಕಲ್ ಬಂದ್ರು. ಮೈಸೂರಲ್ಲಿರೋ ಮೊಮ್ಮಗನಿಗೆ ಎರಡು ಗೋಲ್ಡ್‌ಫಿಶ್ ಬೇಕು, ರೈಲಲ್ಲಿ ತಗೊಂಡು ಹೋಗ್ತಾರೆ. ನಾನು ಕಟ್ಟಿ ಕೊಟ್ಟೆ. ಅವ್ರು ಬ್ಯಾಗ್ ಎತ್ತಿ ಲೈಟಿಗೆ ಹಿಡಿದ್ರು.

"ಏನಯ್ಯಾ ಇದು, ಮುಕ್ಕಾಲು ಪಾಲು ಗಾಳೀನೇ ಇದೆ?"

"ಅದು ಆಕ್ಸಿಜನ್ ಸಾರ್. ಮೀನಿಗೆ ಅದೇ ಬೇಕಿರೋದು."

"ಚಿಪ್ಸ್ ಪ್ಯಾಕೆಟ್‌ನೋರೂ ಇದೇ ಹೇಳ್ತಾರೆ."

"ಸಾರ್, ನೀರು ತುಂಬ್ಸಿದ್ರೆ ಉಸಿರು ಕಟ್ಟುತ್ತೆ."

"ನೀರಲ್ಲಿರೋ ಪ್ರಾಣಿಗೆ ನೀರಿಂದ ಉಸಿರು ಕಟ್ಟುತ್ತಾ? ಮೂವತ್ತೈದು ವರ್ಷ ಆಡಿಟ್‌ನಲ್ಲಿದ್ದೆ ಕಣಪ್ಪಾ. ನನಗೆ ಹೇಳ್ಬೇಡ."

ಆಡಿಟ್‌ನೋರ ಹತ್ರ ಬಾಯಲ್ಲಿ ವಾದ ಮಾಡಿ ಗೆದ್ದೋರಿಲ್ಲ, ಪ್ರೂಫ್ ಕೊಡ್ಬೇಕು. ಇನ್ನೊಂದು ಬ್ಯಾಗ್ ತಗೊಂಡೆ. ಕುತ್ತಿಗೆವರೆಗೂ ನೀರು ತುಂಬಿ, ಒಂದು ಗೋಲ್ಡ್‌ಫಿಶ್ ಅದಕ್ಕೆ ಬಿಟ್ಟು ಕಟ್ಟಿದೆ. ಇನ್ನೊಂದು ನನ್ನ ಗಾಳಿ ಬ್ಯಾಗಲ್ಲೇ ಇತ್ತು. ಎರಡನ್ನೂ ಟೇಬಲ್ ಮೇಲೆ ಇಟ್ಟು, ಅಂಕಲ್‌ಗೆ ಒಂದು ಸ್ಟೂಲ್ ಹಾಕಿದೆ. ಪೇಪರ್ ಓದ್ತಾ ಕೂತ್ರು. ಮುಕ್ಕಾಲು ಗಂಟೆ ಆಗೋಷ್ಟರಲ್ಲಿ ನೀರಿನ ಬ್ಯಾಗಲ್ಲಿದ್ದ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇತ್ತು. ಗಾಳಿ ಬ್ಯಾಗಿಂದು ತಣ್ಣಗೆ ಬಾಲ ಆಡಿಸ್ಕೊಂಡಿತ್ತು.

ಅಂಕಲ್ ಕನ್ನಡಕ ತೆಗೆದು ಒರೆಸಿ, ಹಾಕ್ಕೊಂಡು, ಇನ್ನೊಂದು ಸಲ ನೋಡಿದ್ರು. ನಾನು ಬೇಗ ಅದನ್ನೂ ಬಿಡಿಸಿ ಸರಿಯಾಗಿ ಕಟ್ಟಿದೆ.

"ಆಯ್ತಪ್ಪಾ, ಒಪ್ಪಿದೆ," ಅಂದ್ರು. "ಆದ್ರೆ ಗಾಳಿಗೆ ಬೇರೆ ಚಾರ್ಜ್ ಹಾಕಿದೀಯಾ?"

"ಇಲ್ಲ ಸಾರ್, ಗಾಳಿ ಫ್ರೀ."

"ಹಾಗಾದ್ರೆ ಇನ್ನೊಂಚೂರು ಹಾಕು."

ಹತ್ತೂವರೆಯಿಂದ ಹನ್ನೆರಡು

ನನ್ನ ಮೊದಲನೇ ವಿಕೆಟ್ ಬಿದ್ದಿದ್ದು ಜೆ.ಪಿ. ನಗರದಲ್ಲಿ.

ಒಬ್ರು ಮೇಡಂ ಹೊಸ ಮನೆಗೆ ಟ್ಯಾಂಕ್ ಹಾಕ್ಸಿದ್ರು, ಎಂಟು ಮೀನು ಆರ್ಡರ್ ಮಾಡಿದ್ರು. ಒಂದೇ ಊರೊಳಗೆ, ಬಸ್ಸಿಗೆ ಯಾಕೆ ಅಂತ ನಾನೇ ಸ್ಕೂಟರ್‌ನಲ್ಲಿ ಬಾಕ್ಸ್ ಇಟ್ಕೊಂಡು ಹೊರಟೆ. ಹಂಪ್ ಬಂದ ಕಡೆಯೆಲ್ಲ ಇಳಿದು ತಳ್ದೆ. ಬನಶಂಕರಿಯಿಂದ ಜೆ.ಪಿ. ನಗರಕ್ಕೆ ಎಷ್ಟು ಹಂಪ್ ಇದೆ ಅಂತ ಇವತ್ತು ಯಾರಾದ್ರೂ ಕೇಳಿದ್ರೆ, ಒಂದೊಂದನ್ನೂ ಹೆಸರಿಟ್ಟು ಕರೀತೀನಿ.

ಶುಕ್ರವಾರ. ಬಾಗಿಲಲ್ಲಿ ನಿಂತಾಗ ಹತ್ತು ಇಪ್ಪತ್ತೈದು. ಮೇಡಂ ಗಡಿಯಾರ ನೋಡಿದ್ರು, ನನ್ನ ಶೂ ನೋಡಿದ್ರು.

"ಲೇಸ್ ಇರೋ ಶೂನಾ?"

"ಹೌದು ಮೇಡಂ."

ಲೇಸ್ ಬಿಚ್ಚಿ, ಕೈಕಾಲು ತೊಳ್ಕೊಂಡು, ಬಾಕ್ಸ್ ಒಳಗಿಡೋಷ್ಟರಲ್ಲಿ ಹತ್ತೂವರೆ. ರಾಹುಕಾಲ ಶುರು. ಇನ್ನು ಹನ್ನೆರಡರವರ್ಗೂ ಮೀನು ಟ್ಯಾಂಕಿಗೆ ಇಳಿಯಂಗಿಲ್ಲ.

"ಪರ್ವಾಗಿಲ್ಲ ಮೇಡಂ, ಬಾಕ್ಸಲ್ಲೇ ಇರ್ಲಿ. ನಾಳೆವರ್ಗೂ ತಡ್ಕೊಳುತ್ತೆ," ಅಂತ ಹೇಳಿ ಬಂದೆ. ಬರ್ಬಾರ್ದಿತ್ತು.

ಆಮೇಲೆ ಗೊತ್ತಾಗಿದ್ದು ಏನಂದ್ರೆ, ಮೇಡಂಗೆ ಪಾಪ ಅನ್ಸಿದೆ. ಕತ್ತಲೆ ಡಬ್ಬದಲ್ಲಿ ಯಾಕಿರ್ಬೇಕು ಅಂತ ಬ್ಯಾಗುಗಳನ್ನ ಆಚೆ ತೆಗ್ದು, ಹಿತ್ತಾಳೆ ತಟ್ಟೇಲಿ ಇಟ್ಟು, ಕುಂಕುಮ ಹಚ್ಚಿ, ಈಶಾನ್ಯ ಮೂಲೆ ಕಿಟಕಿ ಹತ್ರ ಇಟ್ಟಿದಾರೆ. ಈಶಾನ್ಯದಲ್ಲಿ ಬೆಳಗ್ಗೆ ಬಿಸಿಲು ಸಖತ್ ಬರುತ್ತೆ, ಮನೆ ಕಟ್ಟೋರು ಅದಕ್ಕೇ ದುಡ್ಡು ತಗೊಳೋದು. ಹಿತ್ತಾಳೆ ತಟ್ಟೆ ಕಾದಿದೆ. ಒಂದೂವರೆ ಗಂಟೇಲಿ ಬ್ಯಾಗ್ ನೀರು ಸ್ನಾನಕ್ಕೆ ಆಗೋಷ್ಟು ಬೆಚ್ಚಗಾಗಿದೆ. ಎಂಟರಲ್ಲಿ ಐದು ಹೋದ್ವು.

ಫೋನ್ ಓನರ್‌ಗೇ ಬಂತು. ಅವ್ರು ಸ್ಪೀಕರ್ ಹಾಕಿ ನನ್ನ ಮುಂದೆ ಇಟ್ರು.

"ಮೇಡಂ, ಬಿಸಿಲಲ್ಲಿ ಇಟ್ರಲ್ವಾ, ಅದಕ್ಕೇ ಹಿಂಗಾಗಿರೋದು," ಅಂದೆ, ಆದಷ್ಟು ಮೆತ್ತಗೆ.

"ಬಿಸಿಲೆಲ್ಲ ಇರ್ಲಿ," ಅಂದ್ರು ಮೇಡಂ. "ನಾನು ಅವಾಗ್ಲೇ ಅಂದ್ಕೊಂಡೆ. ಒಂದೇ ಒಂದು ನಿಮಿಷ ಬೇಗ ಬಂದಿದ್ರೆ ಬದುಕ್ತಿದ್ವು. ಮುಂದಿನ್ ಸಲ ಲೇಸ್ ಇಲ್ದಿರೋ ಶೂ ಹಾಕ್ಕೊಂಡು ಬಾ."

ಓನರ್ ಗೋಡೆ ಕ್ಯಾಲೆಂಡರ್ ಮೇಲೆ ಒಂದು ಗೀಟು ಎಳೆದ್ರು. ಆ ಸಂಜೆ ನಾನು ಚಪ್ಪಲಿ ತಗೊಂಡೆ.

ಮಧ್ಯೆ ಒಂದು ಪೇಪರ್

ಫೈಟರ್ ಮೀನು ಅಂತ ಇದೆ. ನೋಡೋಕೆ ರೇಷ್ಮೆ, ಗುಣ ಲೋಕಲ್ ರೌಡಿ. ಎರಡು ಗಂಡು ಒಂದರ ಮುಖ ಒಂದು ಕಂಡ್ರೆ ಬ್ಯಾಗ್ ಒಳಗಿಂದಾನೇ ಗುದ್ದಾಡ್ತವೆ, ಸುಸ್ತಾಗಿ ಸಾಯ್ತವೆ. ಅದಕ್ಕೆ ಒಂದೊಂದನ್ನ ಬೇರೆ ಬೇರೆ ಬ್ಯಾಗಲ್ಲಿ ಕಟ್ಟಿ, ಮಧ್ಯೆ ನ್ಯೂಸ್‌ಪೇಪರ್ ಮಡಚಿ ಇಡ್ತೀನಿ.

ಕುಮಾರಸ್ವಾಮಿ ಲೇಔಟಿಂದ ಒಬ್ರು ಆಂಟಿ ಬಂದಿದ್ರು, ಜೊತೇಲಿ ಅವ್ರ ಯಜಮಾನ್ರು. ಯಜಮಾನ್ರು ಬಂದ ತಕ್ಷಣ ಅಂಗಡಿ ಪೇಪರ್ ಎತ್ಕೊಂಡು ಮೂಲೇಲಿ ಕೂತ್ರು. ಆಂಟಿ ನಾನು ಪ್ಯಾಕ್ ಮಾಡೋದನ್ನೇ ನೋಡ್ತಿದ್ರು.

"ಅದ್ಯಾಕಪ್ಪಾ ಪೇಪರ್ ಇಡ್ತೀಯಾ?"

"ಮುಖ ಕಾಣದೇ ಇರ್ಲಿ ಅಂತ ಆಂಟಿ. ಮುಖ ಕಂಡ್ರೆ ಜಗಳ ಆಡ್ತವೆ."

"ಒಂದು ಪೇಪರ್ ಇಟ್ರೆ ಸುಮ್ನಿರ್ತವಾ?"

"ಎಷ್ಟು ದಿನ ಬೇಕಾದ್ರೂ ಇರ್ತವೆ."

ಆಂಟಿ ತಿರುಗಿ ಮೂಲೆ ಕಡೆ ನೋಡಿದ್ರು. ಅಲ್ಲಿ ಯಜಮಾನ್ರು ಕಾಣ್ತಿರ್ಲಿಲ್ಲ. ಬಿಚ್ಚಿ ಹಿಡಿದ ಪೇಪರ್ರು, ಕೆಳಗೆ ಎರಡು ಕಾಲು, ಅಷ್ಟೇ.

"ಗೊತ್ತು," ಅಂದ್ರು ಆಂಟಿ. "ನಮ್ಮನೇಲಿ ಇಪ್ಪತ್ತೆಂಟು ವರ್ಷದಿಂದ ಇದೇ ಪ್ಯಾಕಿಂಗ್."

ಪೇಪರ್ ಹಿಂದಿನಿಂದ ಒಂದು ಪುಟ ತಿರುಗಿಸಿದ ಸೌಂಡ್ ಬಂತು.

ಖಾಲಿ ಹೊಟ್ಟೇಲಿ ಹೊರಡಬಾರದು

ಎರಡನೇ ವಿಕೆಟ್ ಮೊದಲನೇದಕ್ಕಿಂತ ದೊಡ್ಡದು, ಬೌಲರ್ ಮನೆಯೋರೇ.

ಮೀನು ಕಳಿಸೋಕೆ ಎರಡು ದಿನ ಮುಂಚೆ ಊಟ ನಿಲ್ಲಿಸ್ಬೇಕು. ಹೊಟ್ಟೆ ತುಂಬಿದ್ರೆ ಬ್ಯಾಗಲ್ಲೇ ಗಲೀಜು ಮಾಡ್ಕೊಳ್ತವೆ, ಅದೇ ನೀರು ವಿಷ ಆಗಿ ಸಾಯ್ತವೆ. ಅದಕ್ಕೆ ಹೊರಡೋ ಮೀನುಗಳನ್ನ ನಾನು ಬೇರೆ ಟಬ್ಬಿಗೆ ಹಾಕಿ, "ಊಟ ಹಾಕ್ಬೇಡಿ" ಅಂತ ಬೋರ್ಡ್ ನೇತಾಕಿರ್ತೀನಿ.

ಶಿವಮೊಗ್ಗಕ್ಕೆ ಇಪ್ಪತ್ತು ಗಪ್ಪಿ ಕಳ್ಸಿದ್ದೆ. ಗಪ್ಪಿ ಅಂದ್ರೆ ಎಲ್ಲಾದ್ರೂ ಬದುಕೋ ಜಾತಿ, ಬಕೆಟಲ್ಲಿ ಬಿಟ್ರೂ ಸಂಸಾರ ಮಾಡುತ್ತೆ. ಬೆಳಗ್ಗೆ ಫೋಟೋ ಬಂತು. ಬ್ಯಾಗ್ ನೀರು ಬೆಳ್ಳಗೆ, ಮಜ್ಜಿಗೆ ಥರ. ಹದಿನಾರು ಹೋಗಿದ್ವು.

ಓನರ್ ಎರಡನೇ ಗೀಟು ಎಳೆದ್ರು. "ಊಟ ಹಾಕಿದೀಯಾ?"

"ನಮ್ಮಮ್ಮನಾಣೆ ಇಲ್ಲ."

"ಮತ್ತೆ ಈ ನೀರು?"

ನನಗೂ ಗೊತ್ತಿಲ್ಲ. ಬ್ಯಾಗ್ ಸರಿ ಇಲ್ವಾ, ನೀರಲ್ಲಿ ಏನಾದ್ರೂ ಇತ್ತಾ, ತಲೆ ಕೆಟ್ಟೋಯ್ತು. ಮುಂದಿನ ಪಾರ್ಸೆಲ್ ದಿನ ಅಂಗಡಿ ಬಿಟ್ಟು ಅಲ್ಲಾಡ್ಲಿಲ್ಲ. ಮಧ್ಯಾಹ್ನ ಮೂರು ಗಂಟೆ. ಓನರ್ ಅಮ್ಮ ಇರೋದು ಅಂಗಡಿ ಮೇಲ್ಗಡೆ ಮನೇಲೇ. ಅಜ್ಜಿ ದಿನಾ ಆ ಹೊತ್ತಿಗೆ ನಮಗೆ ಕಾಫಿ ತರ್ತಾರೆ. ಅವತ್ತು ಕಾಫಿ ಇಟ್ಟು, ನಾನು ಟ್ಯಾಂಕ್ ಸ್ಟಾಂಡ್ ಹಿಂದೆ ಇರೋದು ನೋಡದೇ, ಸೀದಾ ಟಬ್ ಹತ್ರ ಹೋದ್ರು. ಸೆರಗಿನ ಮರೆಯಿಂದ ಒಂದು ಸಣ್ಣ ಬೆಳ್ಳಿ ಬಟ್ಲು ತೆಗ್ದು, ಚಮಚದಲ್ಲಿ ಟಬ್ಬಿಗೆ ಒಂದೊಂದೇ ಹನಿ ಬಿಡ್ತಿದಾರೆ.

"ಅಜ್ಜಿ, ಏನದು?"

ಅಜ್ಜಿ ಬೆಚ್ಚಿಬೀಳ್ಲಿಲ್ಲ. "ಮೊಸರು ಸಕ್ಕರೆ."

"ಯಾಕಜ್ಜಿ?"

"ಯಾಕೆ ಅಂದ್ರೆ? ದೂರ ಪ್ರಯಾಣ ಹೊರಟಿವೆ. ಯಾರಾದ್ರೂ ಮನೆಯಿಂದ ಖಾಲಿ ಹೊಟ್ಟೇಲಿ ಕಳಿಸ್ತಾರೇನೋ? ಎರಡು ದಿನದಿಂದ ಒಂದು ಅಗುಳು ಹಾಕಿಲ್ಲ ನೀನು. ಬೋರ್ಡ್ ಬೇರೆ ಹಾಕ್ಕೊಂಡಿದೀಯ, ಮಾನ ಮರ್ಯಾದೆ ಇಲ್ದೇ."

ಓನರ್ ಗಲ್ಲಾದಿಂದ ಎದ್ದು ಬಂದ್ರು. "ಅಮ್ಮಾ, ಶಿವಮೊಗ್ಗದ ಮೀನಿಗೂ ಕೊಟ್ಯಾ?"

"ಅವಕ್ಕೆ ಎರಡು ಚಮಚ ಜಾಸ್ತಿ ಕೊಟ್ಟೆ. ದೂರ ಅಲ್ವಾ."

ನಾನು ಕ್ಯಾಲೆಂಡರ್ ಕಡೆ ನೋಡಿದೆ. ಓನರ್‌ಗೆ ಅರ್ಥ ಆಯ್ತು, ಆದ್ರೆ ಅವ್ರು ನ್ಯಾಯವಂತರು. "ಗೀಟು ಗೀಟೇ," ಅಂದ್ರು. "ಬಾಕ್ಸ್ ಕಟ್ಟೋನು ಮುಂಚೆ ನೀರು ನೋಡ್ಬೇಕಿತ್ತು." ಹೆತ್ತ ತಾಯಿ ಹೆಸರಲ್ಲಿ ಗೀಟು ಎಳೆಯೋಕೆ ಧೈರ್ಯ ಇಲ್ಲದಿರೋ ನ್ಯಾಯ.

ಅಜ್ಜಿಗೆ ಸಿಟ್ಟು ಬಂತು. "ಮೊಸರು ತಿಂದು ಯಾರೂ ಸಾಯಲ್ಲ. ಇವ್ನ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಆರು ದಿನವೂ ಮೊಸರು ಸಕ್ಕರೆ ಕೊಟ್ಟೇ ಕಳ್ಸಿದ್ದು."

ಅಜ್ಜಿ ಮೆಟ್ಲು ಹತ್ತೋವರ್ಗೂ ಓನರ್ ಕಾದ್ರು. ಆಮೇಲೆ ಮೆಲ್ಲಗೆ ಅಂದ್ರು: "ಆರೂ ದಿನ ಪರೀಕ್ಷೆ ಅರ್ಧಕ್ಕೇ ಬಿಟ್ಟು ಎದ್ದು ಓಡಿದ್ದೆ ಕಣೋ. ಹೊಟ್ಟೆಗೆ ಏನಾಗಿತ್ತು ಅಂತ ಇವತ್ತು ಗೊತ್ತಾಯ್ತು."

ವಸ್ತುವಿನ ವಿವರ

ಇನ್ನು ಉಳಿದಿರೋದು ಒಂದೇ ವಿಕೆಟ್. ನಾನು ಬಾಕ್ಸ್ ಕಟ್ಟೋದು ನೋಡಿದ್ರೆ ಹಸುಗೂಸಿಗೆ ಬಟ್ಟೆ ಸುತ್ತಿದಂಗಿರ್ತಿತ್ತು. ಬ್ಯಾಗ್ ಮೂಲೆಗಳಿಗೆ ಟೇಪ್, ಮೀನು ಮೂಲೇಲಿ ಸಿಕ್ಕಾಕ್ಕೊಳ್ದಿರ್ಲಿ ಅಂತ. ಸುತ್ತ ಪೇಪರ್. ಮೇಲೆ ದೊಡ್ಡ ಅಕ್ಷರದಲ್ಲಿ "ಜೀವಂತ ಮೀನು, ಈ ಕಡೆ ಮೇಲೆ."

ಪಾರ್ಸೆಲ್ ಆಫೀಸಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಕೌಂಟರ್‌ನಲ್ಲಿದ್ದ ಅಣ್ಣ ಬಾಕ್ಸ್ ನೋಡಿದ್ರು, ಸ್ಕ್ರೀನ್ ನೋಡಿದ್ರು.

"ಮೀನು ಅಂತ ಇಲ್ಲ ಇದ್ರಲ್ಲಿ. ಬಟ್ಟೆ, ಪುಸ್ತಕ, ಆಹಾರ, ಎಲೆಕ್ಟ್ರಾನಿಕ್ಸ್, ಪೀಠೋಪಕರಣ. ಇಷ್ಟೇ ಇರೋದು. ಆಹಾರ ಹಾಕ್ಲಾ?"

"ಅಣ್ಣಾ, ಆಹಾರ ಬೇಡ. ದಾರೀಲಿ ಯಾರಾದ್ರೂ ನಿಜ ಅಂದ್ಕೊಂಡ್ಬಿಡ್ತಾರೆ."

"ಎಲೆಕ್ಟ್ರಾನಿಕ್ಸ್ ಹಾಕಿದ್ರೆ ಬಿಲ್ ಕೇಳುತ್ತೆ. ಪುಸ್ತಕ ಹಾಕಿದ್ರೆ ಮೇಲಿಂದ ಎಸೀತಾರೆ."

"ಬಟ್ಟೆ?"

"ಬಟ್ಟೆ ಮೇಲೆ ಕೂತ್ಕೊಳ್ತಾರೆ." ಅಣ್ಣ ಯೋಚ್ನೆ ಮಾಡಿದ್ರು. "ಪೀಠೋಪಕರಣ ಹಾಕ್ತೀನಿ. ಮರದ ಸಾಮಾನು ಅಂತ ನಿಧಾನಕ್ಕೆ ಇಳಿಸ್ತಾರೆ. ಮೇಲೆ ಭಾರ ಹಾಕಲ್ಲ."

ಬುದ್ಧಿವಂತ ಅನ್ನಿಸ್ತು. ಮಂಡ್ಯಕ್ಕೆ ಹೋಗ್ಬೇಕಿದ್ದ ಆರು ಏಂಜಲ್ ಮೀನು ಪೀಠೋಪಕರಣ ಆಗಿ ಹೊರಟ್ವು. ಕಂಪ್ಯೂಟರು ಆ ಕಡೆಯೋರಿಗೆ ಮೆಸೇಜೂ ಕಳಿಸ್ತು: ನಿಮ್ಮ ಪೀಠೋಪಕರಣ ತಲುಪಿದೆ, ಬಂದು ತಗೊಂಡು ಹೋಗಿ.

ಮಂಡ್ಯದ ಕಸ್ಟಮರ್ ಕೆಲಸದಲ್ಲಿದ್ರು. ಮೆಸೇಜ್ ನೋಡಿದ್ದು ಅವ್ರ ತಂದೆ. ಮಗ ಹೇಳ್ದೇ ಕೇಳ್ದೇ ಸೋಫಾ ತರಿಸಿದಾನೆ ಅಂದ್ಕೊಂಡು, ಒಂದು ಗೂಡ್ಸ್ ಆಟೋ, ಎತ್ತೋಕೆ ಇಬ್ರು ಆಳು, ಕಟ್ಟೋಕೆ ಹಗ್ಗ, ಎಲ್ಲ ತಗೊಂಡು ಬಂದಿದಾರೆ. ಕೌಂಟರ್‌ನಿಂದ ಒಂದು ಥರ್ಮಾಕೋಲ್ ಡಬ್ಬ ಆಚೆ ಬಂತು. ಅಪ್ಪಾಜಿ ಅಲ್ಲಿಂದಾನೇ ನನಗೆ ಫೋನ್ ಮಾಡಿದ್ರು.

"ಏನಪ್ಪಾ, ಸೋಫಾ ಎಲ್ಲಿ?"

"ಸೋಫಾ ಅಲ್ಲ ಅಪ್ಪಾಜಿ, ಮೀನು. ಡಬ್ಬ ನಿಧಾನಕ್ಕೆ ಬಿಚ್ಚಿ ನೋಡಿ, ಬದುಕಿದಾವಾ ಹೇಳಿ." ನನಗೆ ಸೋಫಾ ಮುಖ್ಯ ಅಲ್ಲ, ಗೀಟು ಮುಖ್ಯ.

ಡಬ್ಬ ಬಿಚ್ಚಿದ ಸದ್ದು ಕೇಳಿಸ್ತು. "ಇದಾವಪ್ಪಾ, ಆರೂ ಓಡಾಡ್ತಿದಾವೆ," ಅಂದ್ರು. ನನಗೆ ಹೋದ ಜೀವ ಬಂತು. ಹಿಂದೆ ಎತ್ತೋಕೆ ಬಂದಿದ್ದ ಆಳೊಬ್ಬ ಬಗ್ಗಿ ಬ್ಯಾಗ್ ಒಳಗೆ ನೋಡ್ತಿದ್ದ ಅನ್ಸುತ್ತೆ. ಅವ್ನ ಧ್ವನಿ ಕೇಳಿಸ್ತು:

"ಯಜಮಾನ್ರೇ, ಫಿಟ್ಟಿಂಗ್ ನಾವು ಮಾಡ್ಬೇಕಾ, ಕಂಪ್ನಿಯೋರು ಬರ್ತಾರಾ?"

ಲೈವ್

ಇದಾದ್ಮೇಲೆ ಬಂದಿದ್ದು ನಮ್ಮ ಅಂಗಡಿ ಕಂಡ ದೊಡ್ಡ ಆರ್ಡರ್.

ಬಿ.ಟಿ.ಎಂ. ಲೇಔಟಲ್ಲಿ ರೂಮ್ ಮಾಡ್ಕೊಂಡಿರೋ ಒಬ್ಬ ಅಣ್ಣ, ಬಾಗಲಕೋಟೆ ಕಡೆಯೋರು. ಊರಲ್ಲಿ ಅವ್ರ ಅಕ್ಕ ಸೀರೆ ಅಂಗಡಿ ತೆಗೀತಿದ್ರು. ಅಂಗಡಿ ಮುಂದೆ ದೊಡ್ಡ ಟ್ಯಾಂಕ್, ಅದಕ್ಕೆ ಆರು ಡಿಸ್ಕಸ್ ಮೀನು. ಡಿಸ್ಕಸ್ ಅಂದ್ರೆ ತಟ್ಟೆ ಥರ ಚಪ್ಪಟೆಯಾಗಿ, ಮೈಮೇಲೆ ನೀಲಿ ಗೆರೆ ಇರೋ ಮೀನು. ನಮ್ಮಲ್ಲಿರೋದ್ರಲ್ಲಿ ಅದಕ್ಕಿಂತ ಚೆಂದದ್ದೂ ಇಲ್ಲ, ಅದಕ್ಕಿಂತ ಪುಕ್ಕಲೂ ಇಲ್ಲ. ಜೋರಾಗಿ ಸೀನಿದ್ರೆ ಮೂಲೆ ಸೇರ್ಕೊಳುತ್ತೆ.

"ಮಂದಿ ಮೀನ ನೋಡಾಕ ನಿಲ್ತಾರ, ನಿಂತವ್ರು ಸೀರಿ ನೋಡ್ತಾರ," ಅಂದ್ರು ಅಣ್ಣ. "ನೀವು ಕಳಿಸ್ರಿ. ನಾ ಮೊದಲ ಹೋಗಿ ಅಲ್ಲಿ ನಿಂತಿರ್ತೀನಿ."

ಓನರ್ ಒಂದು ರೂಲ್ ಹಾಕಿದ್ರು. ಬಾಕ್ಸ್ ಬಿಚ್ಚೋದನ್ನ ವಿಡಿಯೋ ಕಾಲ್‌ನಲ್ಲಿ ಲೈವ್ ತೋರಿಸ್ಬೇಕು. ಸತ್ತಿದ್ರೆ ಅಲ್ಲೇ ಗೊತ್ತಾಗ್ಬೇಕು, ಆಮೇಲೆ ಮಾತಿಲ್ಲ. ನನ್ನ ಕಡೆ ನೋಡಿ, "ನಿನ್ನ ಮೂರನೇದೂ ಅಲ್ಲೇ ಗೊತ್ತಾಗುತ್ತೆ," ಅಂದ್ರು.

ಒಂದೊಂದು ಮೀನಿಗೆ ಒಂದೊಂದು ಬ್ಯಾಗ್, ಒಂದರೊಳಗೆ ಒಂದು ಮೂರು ಸುತ್ತು. ಸಂಜೆ ಬಸ್ಸಿಗೆ ಹಾಕಿದೆ. ಬೆಳಗ್ಗೆ ಆರಕ್ಕೆ ಊರು ಸೇರ್ಬೇಕಿದ್ದ ಬಸ್ಸು, ದಾರೀಲಿ ಟೈರ್ ಹೋಗಿ, ತಲುಪಿದ್ದು ಒಂಬತ್ತೂವರೆಗೆ.

ಒಂಬತ್ತೂವರೆಗೇ ನಮ್ಮ ಅಂಗಡಿಗೆ ಇನ್ನೊಬ್ರೂ ತಲುಪಿದ್ರು. ನಮ್ಮಮ್ಮ. ಕೈಯಲ್ಲಿ ಪರೀಕ್ಷೆ ಫಾರ್ಮು, ನನ್ನ ಪಾಸ್‌ಪೋರ್ಟ್ ಸೈಜ್ ಫೋಟೋ, ಅಂಟು ಡಬ್ಬಿ. "ಇವತ್ತು ಕೊನೇ ದಿನವಂತೆ," ಅಂದ್ಲು. "ನಿನ್ನ ಮೀನಿನ ಕತೆ ಏನಾಗುತ್ತೆ ನೋಡ್ಕೊಂಡೇ ಹೋಗ್ತೀನಿ." ಸ್ಟೂಲ್ ಎಳ್ಕೊಂಡು ಕೂತ್ಲು. ಅಂಟಿನ ಮುಚ್ಚಳ ಸಡಿಲ ಮಾಡಿ ರೆಡಿ ಇಟ್ಕೊಂಡ್ಲು.

ವಿಡಿಯೋ ಕಾಲ್ ಬಂತು. ಓನರ್ ಫೋನನ್ನ ಮೀನಿನ ಊಟದ ಡಬ್ಬಕ್ಕೆ ಒರಗಿಸಿ ಇಟ್ರು. ಆ ಕಡೆ ಒಂದು ಇಪ್ಪತ್ತು ಜನ. ಮಧ್ಯೆ ಕುರ್ಚಿ ಮೇಲೆ ನನ್ನ ಥರ್ಮಾಕೋಲ್ ಬಾಕ್ಸ್, ಅದಕ್ಕೆ ಚೆಂಡುಹೂವಿನ ಹಾರ, ಕೆಂಪು ರಿಬ್ಬನ್.

"ನಮಸ್ಕಾರ್ರೀ, ಚಾ ಆತ್ರಿ?" ಅಂದ್ರು ಬಿ.ಟಿ.ಎಂ. ಅಣ್ಣ.

"ಆಯ್ತಣ್ಣ, ಬೇಗ ಬಾಕ್ಸ್ ಬಿಚ್ಚಿ."

"ಬಿಚ್ಚೂಣ್ರಿ. ನಮ್ಮ ಮಾಮಾ ಬರ್ಲಿ. ಅವ್ನ ಕೈಲೇ ರಿಬ್ಬನ್ ಕಟ್ ಮಾಡಸಬೇಕು."

"ಮಾಮಾ ಎಲ್ಲಿದಾರೆ?"

"ಮಿರ್ಚಿ ತರಾಕ ಹೋಗ್ಯಾನ."

ಮಾಮಾ ಬರೋವರ್ಗೂ ಫೋನ್ ಕೈಯಿಂದ ಕೈಗೆ ಹೋಯ್ತು. ಇವ್ರು ಅಕ್ಕ, ಇವ್ರು ಅಕ್ಕನ ಗಂಡ, ಇವ್ರು ಪಕ್ಕದ ಅಂಗಡಿಯೋರು. ಎಲ್ಲರಿಗೂ ನಾನು ನಮಸ್ಕಾರ ಮಾಡಿ, "ಬಾಕ್ಸ್ ಬಿಚ್ಚಿ" ಅಂದೆ. ಎಲ್ಲರೂ ನನಗೆ ವಾಪಸ್ ನಮಸ್ಕಾರ ಮಾಡಿ, "ನಾಷ್ಟಾ ಆತ್ರಿ?" ಅಂದ್ರು. ಓನರ್ ಮೂರನೇ ಲೋಟ ನೀರು ಕುಡೀತಿದ್ರು.

ಮಾಮಾ ಬಂದ್ರು. ಮಿರ್ಚಿ ಬಜ್ಜಿ ಹಂಚಿದ್ರು. ಹಂಚಿ, ಅಂಗಡಿ ಬಗ್ಗೆ ನಾಲ್ಕು ಮಾತಾಡ್ತೀನಿ ಅಂದ್ರು. ಅವ್ರ ನಾಲ್ಕು ಮಾತಲ್ಲಿ ಮೊದಲನೇದು ಮುಗಿಯೋಕೆ ಹತ್ತು ನಿಮಿಷ ಆಯ್ತು. ಆಮೇಲೆ ರಿಬ್ಬನ್ ಕಟ್ ಮಾಡೋಣ ಅಂದ್ರೆ ಕತ್ತರಿ ಇಲ್ಲ. ಸೀರೆ ಅಂಗಡೀಲಿ, ಓಪನಿಂಗ್ ದಿನ, ಕತ್ತರಿ ಇಲ್ಲ. ಇಪ್ಪತ್ತು ಜನ ಕತ್ತರಿ ಹುಡುಕೋದನ್ನ ನಾನು ಲೈವ್ ನೋಡಿದೆ.

ಅಂತೂ ಕತ್ತರಿ ಸಿಕ್ತು. ಮಾಮಾ ರಿಬ್ಬನ್ ಕಟ್ ಮಾಡಿ, ಟೇಪ್ ಹರಿದು ಮುಚ್ಚಳಕ್ಕೆ ಕೈ ಹಾಕಿದ್ರು. ನಾನು ಫೋನಿಗೆ ಮೂಗು ತಾಗೋಷ್ಟು ಹತ್ರ ಬಗ್ಗಿದೆ. ಆವಾಗ ನನ್ನ ಕಿವಿ ಪಕ್ಕದಿಂದ ನಮ್ಮಮ್ಮನ ಧ್ವನಿ:

"ಅಮ್ಮಾ, ಆ ಹಿಂದ್ಗಡೆ ನೇತಾಕಿರೋ ನೀಲಿದು ಇಳಕಲ್ ಸೀರೇನಾ?"

"ಹೌದ್ರಿ ಅಕ್ಕಾರ, ತೋರಸ್ತೀನ್ರಿ," ಅಂದ್ರು ಫೋನ್ ಹಿಡಿದಿದ್ದ ಅಕ್ಕ. ಕ್ಯಾಮೆರಾ ಬಾಕ್ಸ್ ಬಿಟ್ಟು ಗೋಡೆ ಕಡೆ ತಿರುಗ್ತು.

"ಅಮ್ಮಾ," ಅಂದೆ.

"ಸುಮ್ನಿರೋ. ಸೆರಗು ತೋರಿಸಿ."

ಸ್ಕ್ರೀನ್ ತುಂಬ ಕೆಂಪು ಸೆರಗು. ಹಿಂದಿನಿಂದ ಬರೀ ಧ್ವನಿ. "ಹಿಡೀಲೇ." "ನೀರ ಚೆಲ್ತು." "ಬಿಡು, ಬಿಡು, ಟ್ಯಾಂಕಿಗೆ ಬಿಡು." ಆಮೇಲೆ ಯಾರದೂ ಧ್ವನಿ ಇಲ್ಲ.

"ಒಡಲು ಹತ್ತೀದಾ, ರೇಷ್ಮೇದಾ?" ಅಂದ್ಲು ನಮ್ಮಮ್ಮ.

ಕ್ಯಾಮೆರಾ ನಿಧಾನಕ್ಕೆ ಟ್ಯಾಂಕ್ ಕಡೆ ಬಂತು. ಆರೂ ಮೀನು ತಳದಲ್ಲಿ, ಪಕ್ಕಕ್ಕೆ ವಾಲ್ಕೊಂಡು, ಒಂದರ ಪಕ್ಕ ಒಂದು ಮಲಗಿದ್ವು. ನೀಲಿ ಗೆರೆ ಇಲ್ಲ, ಮೈಯೆಲ್ಲ ಕಪ್ಪು. ತೊಳೆದಿಟ್ಟ ತಟ್ಟೆಗಳ ಥರ.

ಇಪ್ಪತ್ತು ಜನ ಮಿರ್ಚಿ ಕೈಯಲ್ಲಿ ಹಿಡ್ಕೊಂಡು ತಲೆ ತಗ್ಗಿಸಿದ್ರು. ಓನರ್ ಎದ್ದು ಕ್ಯಾಲೆಂಡರ್ ಹತ್ರ ಹೋದ್ರು. ನಮ್ಮಮ್ಮ ಫೋಟೋ ಹಿಂದೆ ಅಂಟು ಹಚ್ಚೋಕೆ ಶುರು ಮಾಡಿದ್ಲು.

ಭಯ ಬಂದಾಗ ಡಿಸ್ಕಸ್ ಹಿಂಗೆ ಕಪ್ಪಾಗಿ ಮಲಗುತ್ತೆ ಅಂತ ನಾನು ಓದಿದ್ದೆ. ಜೀವನದಲ್ಲಿ ಪೂರ್ತಿ ಓದಿ ಮುಗಿಸಿದ್ದು ಅದೊಂದೇ ವಿಷಯ. "ಅಣ್ಣಾ, ಟ್ಯಾಂಕ್ ಲೈಟ್ ಆರಿಸಿ. ಗಾಜು ಮುಟ್ಬೇಡಿ. ಕತ್ತಲೆ ಮಾಡಿ," ಅಂದೆ.

"ಹಾಡಹಗಲ ಎಲ್ಲಿ ಕತ್ತಲಿ ಮಾಡೂದ್ರಿ?"

ಮಾಮಾ ಆ ನೀಲಿ ಇಳಕಲ್ ಸೀರೆ ಗೋಡೆಯಿಂದ ಎಳೆದು, ಪೂರ್ತಿ ಬಿಚ್ಚಿ, ಟ್ಯಾಂಕಿಗೆ ಹೊದಿಸಿದ್ರು. ಆಮೇಲೆ ಎಲ್ಲರೂ ನೆಲದ ಮೇಲೆ ಕೂತು ಕಾದ್ರು. ಈ ಕಡೆ ನಾವು ಮೂರು ಜನ ಕಾದ್ವಿ. ಇಪ್ಪತ್ತು ನಿಮಿಷ ಎರಡು ಜಿಲ್ಲೆಯೋರು ಸೇರಿ ಒಂದು ಸೀರೆಯನ್ನೇ ನೋಡಿದ್ವಿ.

"ತೆಗೀರಿ," ಅಂದೆ.

ಮಾಮಾ ಸೀರೆ ಒಂದು ತುದಿ ಎತ್ತಿದ್ರು. ಒಂದು ಡಿಸ್ಕಸ್ ಗಾಜಿನ ಹತ್ರ ನೆಟ್ಟಗೆ ನಿಂತು ಅವ್ರನ್ನೇ ನೋಡ್ತಿತ್ತು. ಅದರ ಹಿಂದೆ ಇನ್ನೊಂದು. ಮೈಮೇಲೆ ನೀಲಿ ಗೆರೆ ವಾಪಸ್ ಬರ್ತಿತ್ತು. ಬಿ.ಟಿ.ಎಂ. ಅಣ್ಣ ಬೆರಳು ಮಡಚಿ ಮಡಚಿ ಎಣಿಸಿದ್ರು. ಆರು.

"ಏನ್ ಸಾವು ಹಚ್ಚೀರಿ," ಅಂದ್ರು ಮಾಮಾ, ಎಲ್ಲರ ಕಡೆ ತಿರುಗಿ. "ರಾತ್ರಿಯೆಲ್ಲಾ ಬಸ್ಸಿನ್ಯಾಗ ಬಂದಾವ. ಜರಾ ಅಡ್ಡಾಗಿದ್ವು. ನೀವು ಬೆಂಗಳೂರಿಂದ ಬಂದಾಗ ಮಲಗೂದಿಲ್ಲೇನು?"

ಆಮೇಲೆ ಫೋನ್ ಹತ್ರ ಬಂದು, "ಯಾರ್ರೀ ಇದನ್ನ ಕಟ್ಟಿದ್ದು?" ಅಂದ್ರು. ಓನರ್ ಫೋನ್ ನನ್ನ ಕಡೆ ತಿರುಗಿಸಿದ್ರು. "ಏನ್ ಕಲ್ತೀಪಾ?"

ನಾನು ಬಾಯಿ ಬಿಡೋಕೆ ಮುಂಚೆ ಅಮ್ಮ ಪಕ್ಕದಿಂದ, "ಇಂಜಿನಿಯರಿಂಗ್," ಅಂದ್ಲು. ಮುಂದಿಂದು ಹೇಳ್ಲಿಲ್ಲ.

"ಅದಕ್ಕ," ಅಂದ್ರು ಮಾಮಾ. "ಕಲ್ತಿದ್ದು ಕಾಣ್ತದ."

ಕಾಲ್ ಕಟ್ ಆಯ್ತು. ಓನರ್ ಕ್ಯಾಲೆಂಡರ್ ಹಾಳೆ ಹರಿದು ಉಂಡೆ ಮಾಡಿ ಬಿಸಾಕಿ, "ನಾಳೆ ಪಾರ್ಸೆಲ್ ಯಾವ್ಯಾವ್ದಿದೆ ನೋಡು," ಅಂದ್ರು. ಅವ್ರು ಅದಕ್ಕಿಂತ ಜಾಸ್ತಿ ಯಾರನ್ನೂ ಹೊಗಳಲ್ಲ.

ಅಮ್ಮ ಫಾರ್ಮ್‌ನ ನಾಲ್ಕು ಮಡಿಕೆ ಮಾಡಿ ಪರ್ಸಲ್ಲಿಟ್ಲು. ಅಂಟು ಹಚ್ಚಿದ ನನ್ನ ಫೋಟೋ ಅವಳ ಹೆಬ್ಬೆರಳಿಗೇ ಅಂಟ್ಕೊಂಡಿತ್ತು. ಅದನ್ನ ಕೀಳ್ತಾ ಅಂದ್ಲು:

"ಪರೀಕ್ಷೆ ಬೇಡ ಬಿಡು. ಆದ್ರೆ ನಿಮ್ಮತ್ತೆ ಕೇಳಿದ್ರೆ ಮೀನು ಕಟ್ತಾನೆ ಅಂತ ನಾನು ಹೇಳಲ್ಲ. ಎಕ್ಸ್‌ಪೋರ್ಟ್‌ನಲ್ಲಿದಾನೆ ಅಂತೀನಿ."

"ಅಮ್ಮಾ, ಬಾಗಲಕೋಟೆ ಕರ್ನಾಟಕದಲ್ಲೇ ಇದೆ."

"ಇರ್ಲಿ ಬಿಡು," ಅಂದ್ಲು ಅಮ್ಮ. "ನಿಮ್ಮತ್ತೆ ಇಲ್ಲೇ ಇರೋ ಅಂಜನಾಪುರ ದಾಟಿದೋಳಲ್ಲ."